ನೆಗ್ಗಿದ ತಗಡು, ಒಳಗಿನ ತುಕ್ಕು: ಕರಾವಳಿಯ ಹಳೆಯ ಮಾರುತಿ 800ರ ಬಾಡಿ ಕೆಲಸ

ಅಪ್ಪ ಬಿಟ್ಟುಹೋದ 1996ರ ಬಿಳಿ ಮಾರುತಿ 800ರ ಎಡಬದಿಯ ಹಿಂದಿನ ಚಕ್ರದ ಕಮಾನಿನ ಅಂಚಿನಲ್ಲಿ, ಒಂದು ಮಳೆಗಾಲ ಮುಗಿದ ಮೇಲೆ, ಬಟಾಣಿ ಕಾಳಿನಷ್ಟು ಗುಳ್ಳೆಯೊಂದು ಎದ್ದಿತ್ತು. ಸ್ಕ್ರೂಡ್ರೈವರಿನ ತುದಿಯಿಂದ ಅದನ್ನು ಮೆಲ್ಲಗೆ ಒತ್ತಿದೆ. ಬಣ್ಣದ ಚಕ್ಕೆ ಕಳಚಿತು. ಅದರಡಿ ಕಂದುಬಣ್ಣದ ತೇವದ ಪುಡಿ, ಪುಡಿಯಡಿ ಬೂದುಬಣ್ಣದ ಪುಟ್ಟಿ, ಪುಟ್ಟಿಯಡಿ ತಂತಿಜಾಲರಿಯ ಒಂದು ತುಂಡು. ತಗಡು ಇರಬೇಕಾದ ಜಾಗದಲ್ಲಿ ತಗಡೇ ಇರಲಿಲ್ಲ. ಕೆರೆಯುತ್ತ ಹೋಗಿ ಗಟ್ಟಿ ಲೋಹ ಸಿಗುವ ಹೊತ್ತಿಗೆ ತೂತು ಅಂಗೈ ಅಗಲವಾಗಿತ್ತು. ಎರಡು ವರ್ಷ ಹಿಂದೆ ಒಂದು ಗ್ಯಾರೇಜಿನಲ್ಲಿ ಟಿಂಕರಿಂಗ್ ಮಾಡಿಸಿದಾಗ, ತುಕ್ಕು ತಿಂದ ಭಾಗವನ್ನು ಕತ್ತರಿಸಿ ತೆಗೆಯದೆ, ಜಾಲರಿ ಇಟ್ಟು, ಪುಟ್ಟಿ ಮೆತ್ತಿ, ಮೇಲೆ ಹೊಳೆಯುವ ಬಣ್ಣ ಹೊಡೆದುಕೊಟ್ಟಿದ್ದರು. ಅಂದಿನಿಂದ ಈ ಕಾರಿನ ಬಾಡಿ ಕೆಲಸದಲ್ಲಿ ಕೈಲಾದಷ್ಟನ್ನು ನಾನೇ ಮಾಡುತ್ತ ಬಂದಿದ್ದೇನೆ. ವೆಲ್ಡಿಂಗಿಗೂ ಕೊನೆಯ ಬಣ್ಣಕ್ಕೂ ಮಾತ್ರ ಕಸುಬುದಾರರ ಬಳಿ ಹೋಗುತ್ತೇನೆ. ಹಾಗೆ ಕಲಿತದ್ದನ್ನು, ತಗಡಿನಿಂದ ಆರಂಭಿಸಿ ಬಣ್ಣದವರೆಗೆ, ಕೆಲಸ ನಡೆಯುವ ಕ್ರಮದಲ್ಲಿಯೇ ಇಲ್ಲಿ ಬರೆದಿದ್ದೇನೆ.

ಮಂಗಳೂರಿನಿಂದ ಕುಂದಾಪುರದವರೆಗಿನ ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಉಳಿದ ತಿಂಗಳುಗಳಲ್ಲಿ ಕಡಲ ಗಾಳಿ ಉಪ್ಪಿನ ಕಣಗಳನ್ನು ಹೊತ್ತು ತರುತ್ತದೆ. ಸಾಲದ್ದಕ್ಕೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಮೀನಿನ ಲಾರಿಗಳಿಂದ ಸೋರುವ ಉಪ್ಪುನೀರು ಹಿಂದೆ ಬರುವ ಕಾರುಗಳ ತಳಕ್ಕೆ ಸಿಡಿಯುತ್ತದೆ. ಕಬ್ಬಿಣಕ್ಕೆ ನೀರೂ ಆಮ್ಲಜನಕವೂ ಸೇರಿದರೆ ತುಕ್ಕು ಹುಟ್ಟುತ್ತದೆ. ನೀರಿನಲ್ಲಿ ಉಪ್ಪು ಕರಗಿದ್ದರೆ ಅದರ ಮೂಲಕ ವಿದ್ಯುತ್ತು ಸುಲಭವಾಗಿ ಹರಿಯುವುದರಿಂದ ಅದೇ ಕ್ರಿಯೆ ಬಹಳ ಬೇಗ ನಡೆಯುತ್ತದೆ. ಹೀಗೆ ಹುಟ್ಟಿದ ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಹಿಡಿಯುತ್ತದೆ, ಮತ್ತು ಆ ಒತ್ತಡದಿಂದಲೇ ಬಣ್ಣ ಗುಳ್ಳೆಯಾಗಿ ಏಳುತ್ತದೆ. ಕಲ್ಲು ಬಡಿದು ಬಣ್ಣ ಹೋದ ಜಾಗದ ತುಕ್ಕು ಹೊರಗಿನಿಂದ ಒಳಗೆ ಹೋಗುತ್ತದೆ, ನಿಜ. ಆದರೆ ಗುಳ್ಳೆಯ ತುಕ್ಕು ಹೆಚ್ಚಿನ ಸಲ ತಗಡಿನ ಒಳಮೈಯಿಂದ ಹೊರಟು ಹೊರಗೆ ಬಂದದ್ದಾಗಿರುತ್ತದೆ. ಹಾಗಾಗಿ ಗುಳ್ಳೆ ಕಂಡ ದಿನವನ್ನು ತುಕ್ಕು ಹಿಡಿದ ದಿನವೆಂದು ಎಣಿಸಬಾರದು.

ಕೆಲಸ ಶುರುಮಾಡುವ ಮೊದಲು ಇಡೀ ಕಾರನ್ನು ಒಂದು ಪೂರ್ಣ ದಿನ ಪರೀಕ್ಷಿಸಿ. ಒಂದು ಸಣ್ಣ ಅಯಸ್ಕಾಂತವನ್ನು ತೆಳುಬಟ್ಟೆಯಲ್ಲಿ ಸುತ್ತಿ ಬಾಡಿಯ ಮೇಲೆ ಸರಿಸುತ್ತ ಹೋದರೆ, ಅದು ಸಡಿಲವಾಗಿ ಹಿಡಿಯುವ ಅಥವಾ ಹಿಡಿಯದೇ ಬೀಳುವ ಜಾಗದಲ್ಲಿ ದಪ್ಪನೆಯ ಪುಟ್ಟಿ ಇದೆಯೆಂದು ತಿಳಿಯುತ್ತದೆ. ಸ್ಕ್ರೂಡ್ರೈವರಿನ ಹಿಡಿಯಿಂದ ಬಡಿದರೆ ಗಟ್ಟಿ ತಗಡು ಟಣ್ ಎನ್ನುತ್ತದೆ, ಪುಟ್ಟಿಯೋ ತುಕ್ಕೋ ಇದ್ದಲ್ಲಿ ಸದ್ದು ಮಂಕಾಗುತ್ತದೆ. ಮಾರುತಿ 800ರಲ್ಲಿ ಮೊದಲು ನೋಡಬೇಕಾದ ಜಾಗಗಳೆಂದರೆ ಬಾಗಿಲುಗಳ ಕೆಳ ಅಂಚು, ಬಾಗಿಲುಗಳಡಿಯ ರನ್ನಿಂಗ್ ಬೋರ್ಡ್, ಮುಂದಿನ ಫೆಂಡರಿನ (ಮುಂಚಕ್ರದ ಮೇಲಿನ ಪಕ್ಕದ ತಗಡಿನ) ಹಿಂಬದಿಯ ಕೆಳಮೂಲೆ, ಹಿಂದಿನ ಚಕ್ರದ ಕಮಾನು, ಬ್ಯಾಟರಿ ಕೂರುವ ತಟ್ಟೆ, ಮತ್ತು ಕಾರ್ಪೆಟ್ ಎತ್ತಿದರೆ ಕಾಣುವ ಡ್ರೈವರಿನ ಕಾಲಡಿಯ ತಳ. ಫೆಂಡರಿನ ಮೂಲೆಯಲ್ಲಿ ಚಕ್ರ ಎರಚಿದ ಕೆಸರು ವರ್ಷಗಟ್ಟಲೆ ಕೂತು ಒದ್ದೆ ಸ್ಪಂಜಿನಂತೆ ತೇವ ಹಿಡಿದಿಟ್ಟಿರುತ್ತದೆ. ಕಾರ್ಪೆಟ್ ಮೇಲ್ನೋಟಕ್ಕೆ ಒಣಗಿದ್ದರೂ ಅದರಡಿಯ ಫೆಲ್ಟ್ ಹಿಂಡಿದರೆ ನೀರು ಬರುವುದುಂಟು; ಗಾಜಿನ ರಬ್ಬರ್ ಬೀಡಿಂಗ್ ಗಟ್ಟಿಯಾಗಿ ಸೋರುತ್ತಿದ್ದರೆ ಅದನ್ನು ಬದಲಾಯಿಸದೆ ತಳದ ತುಕ್ಕಿಗೆ ಏನು ಮಾಡಿದರೂ ಉಳಿಯದು.

ಇಲ್ಲಿ ಒಂದು ವಿಷಯವನ್ನು ಗಟ್ಟಿಯಾಗಿ ಹೇಳಬೇಕಾಗಿದೆ. ಈ ಕಾರಿಗೆ ಲಾರಿಗಿರುವಂತೆ ಬೇರೆ ಷಾಸಿ, ಎಂದರೆ ಭಾರ ಹೊರುವ ಉಕ್ಕಿನ ಚೌಕಟ್ಟು, ಇಲ್ಲ. ತಗಡಿನ ಬಾಡಿಯೇ ಷಾಸಿಯ ಕೆಲಸವನ್ನೂ ಮಾಡುತ್ತದೆ. ರನ್ನಿಂಗ್ ಬೋರ್ಡ್, ತಳ, ಸಸ್ಪೆನ್ಷನ್ ಕೂರುವ ಜಾಗ, ಸೀಟುಬೆಲ್ಟಿನ ಬೋಲ್ಟ್ ಹಿಡಿಯುವ ಜಾಗ, ಜಾಕ್ ಇಡುವ ಜಾಗ ಇವುಗಳಲ್ಲಿ ತೂತು ಬಿದ್ದಿದ್ದರೆ ಅಲ್ಲಿ ಪುಟ್ಟಿಗಾಗಲಿ ಫೈಬರಿಗಾಗಲಿ ಅವಕಾಶವಿಲ್ಲ. ಕೊಳೆತದ್ದನ್ನು ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿಸುವುದೊಂದೇ ದಾರಿ, ಏಕೆಂದರೆ ಅಪಘಾತದಲ್ಲಿ ಒಳಗೆ ಕೂತವರನ್ನು ಕಾಯುವುದು ಆ ತಗಡೇ. ಮುಂದಿನ ಫೆಂಡರಿನ ಮಾತು ಬೇರೆ. ಅದನ್ನು ಬೋಲ್ಟುಗಳಿಂದ ಕೂರಿಸಿರುತ್ತಾರೆ, ಹೊಸದು ಬಿಡಿಭಾಗದ ಅಂಗಡಿಗಳಲ್ಲಿ ಇನ್ನೂ ಸಿಗುತ್ತದೆ. 800ರ ತಯಾರಿಕೆ 2014ರಲ್ಲಿಯೇ ನಿಂತಿದ್ದರೂ ರಸ್ತೆಯಲ್ಲಿ ಅಷ್ಟು ಕಾರುಗಳು ಉಳಿದಿರುವುದರ ಅನುಕೂಲ ಇದು. ಕೆಳಮೂಲೆ ಪೂರ್ತಿ ತಿಂದುಹೋದ ಫೆಂಡರಿಗೆ ತೇಪೆ ಹಾಕುವುದಕ್ಕಿಂತ ಹೊಸದನ್ನು ತಂದು, ಹಳೆಯದರ ಪಕ್ಕದಲ್ಲಿಟ್ಟು ಬೋಲ್ಟಿನ ತೂತುಗಳನ್ನು ಹೋಲಿಸಿ, ಒಳಮೈಗೂ ಪ್ರೈಮರ್ (ಬಣ್ಣಕ್ಕೆ ಮೊದಲಿನ ತಳಪದರ) ಬಳಿದು ಕೂರಿಸುವುದೇ ಸರಿ.

ಕೆಲಸಕ್ಕೆ ಡಿಸೆಂಬರಿನಿಂದ ಮಾರ್ಚಿನವರೆಗಿನ ಒಣ ತಿಂಗಳುಗಳನ್ನು ಇಟ್ಟುಕೊಳ್ಳಿ. ತೇವದ ಗಾಳಿಯಲ್ಲಿ ಉಜ್ಜಿ ಬೋಳಾಗಿಸಿದ ತಗಡು ಒಂದೇ ರಾತ್ರಿಯಲ್ಲಿ ಕೇಸರಿ ಬಣ್ಣಕ್ಕೆ ತಿರುಗುವುದನ್ನು ನಾನು ಕಂಡಿದ್ದೇನೆ. ಅದಕ್ಕಾಗಿಯೇ ಒಂದು ದಿನದಲ್ಲಿ ಪ್ರೈಮರ್ ಹೊಡೆದು ಮುಗಿಸಬಹುದಾದಷ್ಟು ಭಾಗವನ್ನು ಮಾತ್ರ ಆ ದಿನ ಬೋಳಾಗಿಸಬೇಕು, ಬೋಳು ತಗಡನ್ನು ಬರಿಗೈಯಿಂದ ಮುಟ್ಟಬಾರದು, ಕೈಬೆವರಿನಲ್ಲೂ ಉಪ್ಪಿದೆ.

ನೆಗ್ಗು ಎತ್ತುವುದು

ಬಾಗಿಲಿನ ನಡುವೆ ಬಿದ್ದ ಅಗಲವಾದ, ಆಳವಿಲ್ಲದ, ಮಡಿಕೆ ಬೀಳದ ನೆಗ್ಗು ಬಹಳ ಸಲ ಒಳಗಿನಿಂದ ಅಂಗೈಯಲ್ಲಿ ತಳ್ಳಿದರೂ, ಹೊರಗಿನಿಂದ ರಬ್ಬರಿನ ಹೀರುಬಟ್ಟಲು ಅಂಟಿಸಿ ಎಳೆದರೂ ಎದ್ದುಬರುತ್ತದೆ. ಬಾಗಿಲಿನ ಒಳಮೈಗೆ ಕೈ ಹೋಗಬೇಕಾದರೆ ಗಾಜಿನ ಹಿಡಿಕೆ ಮತ್ತು ಕ್ಲಿಪ್ಪುಗಳನ್ನು ಬಿಚ್ಚಿ ಒಳಪ್ಯಾಡನ್ನು ತೆಗೆಯಬೇಕು. ಅದರ ಹಿಂದಿನ ಪ್ಲಾಸ್ಟಿಕ್ ಹಾಳೆಯನ್ನು ಹರಿಯದೆ ಬಿಡಿಸಿಟ್ಟುಕೊಳ್ಳಿ, ಏಕೆಂದರೆ ಬಾಗಿಲಿನೊಳಗಿನ ನೀರು ಕಾರಿನೊಳಕ್ಕೆ ಬರದಂತೆ ತಡೆಯುವುದು ಆ ಹಾಳೆ. ಬಿಸಿನೀರು ಸುರಿದು ನೆಗ್ಗು ತೆಗೆಯುವ ಉಪಾಯ ಪ್ಲಾಸ್ಟಿಕ್ ಬಂಪರಿಗೆ ನಡೆಯುತ್ತದೆಯೇ ಹೊರತು ಕಬ್ಬಿಣದ ತಗಡಿಗೆ ನಡೆಯುವುದಿಲ್ಲ.

ಮಡಿಕೆ ಬಿದ್ದ ನೆಗ್ಗಿಗೆ ಸುತ್ತಿಗೆಯೂ ಡಾಲಿಯೂ ಬೇಕು. ಡಾಲಿಯೆಂದರೆ ಕೈಯಲ್ಲಿ ಹಿಡಿಯುವ, ನುಣುಪಾದ ಬಾಗುಮೈಯುಳ್ಳ ಗಟ್ಟಿ ಉಕ್ಕಿನ ತುಂಡು. ಅದನ್ನು ತಗಡಿನ ಹಿಂದೆ ಒತ್ತಿಹಿಡಿದು ಮುಂದಿನಿಂದ ಸುತ್ತಿಗೆ ಆಡಿಸುತ್ತಾರೆ. ಹೊಸಬರು ಮಾಡುವ ದೊಡ್ಡ ತಪ್ಪೆಂದರೆ ನೆಗ್ಗಿನ ಅತಿ ಆಳದ ಬಿಂದುವಿಗೆ ಹಿಂದಿನಿಂದ ಒಂದೇ ಸಮನೆ ಬಡಿಯುವುದು. ಹಾಗೆ ಬಡಿದರೆ ಆ ಜಾಗದ ತಗಡು ಹಿಗ್ಗುತ್ತದೆ, ಹಿಗ್ಗಿದ ತಗಡಿಗೆ ಸಪಾಟಾಗಿ ಕೂರಲು ಜಾಗ ಸಾಲದೆ ಎಣ್ಣೆ ಡಬ್ಬಿಯ ತಳದಂತೆ ಟಪ್ ಟಪ್ ಎಂದು ಒಳಗೆ ಹೊರಗೆ ಜಿಗಿಯುತ್ತದೆ. ಪೆಟ್ಟು ಬಿದ್ದಾಗ ತಗಡು ಮೊದಲು ನಡುವೆ ಕುಸಿದು ಅಂಚಿನಲ್ಲಿ ಕೊನೆಗೆ ಮಡಿಚಿರುತ್ತದೆ. ಎತ್ತುವಾಗ ಆ ಕ್ರಮವನ್ನು ತಿರುಗಿಸಿ, ಅಂಚಿನ ಮಡಿಕೆಯಿಂದ ಹೊರಟು ನಡುವಿಗೆ ಬರಬೇಕು. ಡಾಲಿಯನ್ನು ತಗ್ಗಿನ ಹಿಂದೆ ಒತ್ತಿಹಿಡಿದು, ಸುತ್ತಿಗೆಯನ್ನು ಅದರ ಪಕ್ಕದ ಉಬ್ಬಿನ ಮೇಲೆ ಹಗುರವಾಗಿ ಆಡಿಸಿದರೆ ಉಬ್ಬು ಇಳಿಯುತ್ತದೆ, ತಗ್ಗು ತಾನಾಗಿ ಏಳುತ್ತದೆ. ಡಾಲಿಯ ನೇರ ಮೇಲೆಯೇ ಸುತ್ತಿಗೆ ಬೀಳುವ ಪೆಟ್ಟನ್ನು ಕೊನೆಯ ಸಣ್ಣ ಏರುಪೇರು ತಿದ್ದಲು ಮಾತ್ರ ಬಳಸಿ, ಅದೂ ಕೆಲವೇ ಸಲ. ಹಿಗ್ಗಿಹೋದ ತಗಡನ್ನು ಕೆಂಪಗೆ ಕಾಯಿಸಿ ಒದ್ದೆ ಬಟ್ಟೆಯಿಂದ ತಣಿಸಿ ಕುಗ್ಗಿಸುವ ವಿದ್ಯೆ ಹಳೆಯ ಟಿಂಕರರ ಕೈಯಲ್ಲಿದೆ. ಆದರೆ 800ರ ತಗಡು ಬಹಳ ತೆಳು, ಕಲಿಯುವ ಕೈಗೆ ಅದು ಬೇಡ.

ಬಣ್ಣವಿರುವ ತಗಡಿನ ಏರುಪೇರು ಕಣ್ಣಿಗೆ ಕಾಣಬೇಕಾದರೆ ಒಂದು ಟ್ಯೂಬ್‌ಲೈಟನ್ನು ಉದ್ದಕ್ಕೆ ಹಿಡಿದು ಅದರ ಪ್ರತಿಬಿಂಬ ನೋಡಿ; ಗೆರೆ ನೇರವಾಗಿದ್ದರೆ ತಗಡು ನೇರ, ಗೆರೆ ಬಳುಕಿದಲ್ಲಿ ತಗ್ಗು ಅಥವಾ ಉಬ್ಬು. ಹೊಳಪಿಲ್ಲದ ಮೈಯಲ್ಲಿ ಕಣ್ಣಿಗಿಂತ ಅಂಗೈ ಹೆಚ್ಚು ಬಲ್ಲದು. ಹತ್ತಿಯ ಕೈಗವಸು ತೊಟ್ಟು, ಬೆರಳುಗಳನ್ನು ಚಾಚಿ, ಒಳ್ಳೆಯ ಭಾಗದಿಂದ ಹೊರಟು ನೆಗ್ಗನ್ನು ದಾಟಿ ಮತ್ತೆ ಒಳ್ಳೆಯ ಭಾಗದವರೆಗೆ ಉದ್ದಕ್ಕೆ ಸವರಿದರೆ ಅರ್ಧ ಮಿಲಿಮೀಟರಿನ ತಗ್ಗೂ ತಿಳಿಯುತ್ತದೆ. ಸುತ್ತಿಗೆಯ ಕೆಲಸದಿಂದ ತಗ್ಗು ಎರಡು ಮಿಲಿಮೀಟರಿಗಿಂತ ಕಡಿಮೆಗೆ ಬಂದ ಮೇಲೆಯೇ ಪುಟ್ಟಿಯ ಡಬ್ಬಿ ತೆರೆಯಬೇಕು.

ತುಕ್ಕಿಗೆ ತಕ್ಕ ಮದ್ದು

ಮೇಲ್ಮೈಯಲ್ಲಿ ಮಾತ್ರ ಇರುವ ತುಕ್ಕನ್ನು ವೈರ್ ಬ್ರಶ್ ಮತ್ತು 80 ನಂಬರಿನ ಎಮರಿ ಪೇಪರಿನಿಂದ ಬಿಳಿ ಲೋಹ ಕಾಣುವವರೆಗೆ ಉಜ್ಜಿ ತೆಗೆಯಬಹುದು. ಉಜ್ಜಿದ ಮೇಲೂ ತಗಡಿನ ಮೈಯಲ್ಲಿ ಸೂಜಿಮೊನೆಯಂಥ ಕಪ್ಪು ಚುಕ್ಕೆಗಳು ಉಳಿದಿದ್ದರೆ ತುಕ್ಕು ಗುಂಡಿಗಳೊಳಗೆ ಇಳಿದಿದೆಯೆಂದು ಅರ್ಥ. ಬ್ರಶ್ಶಿನ ತಂತಿ ಅಲ್ಲಿಗೆ ತಲುಪುವುದಿಲ್ಲ. ಅದಕ್ಕೆ ಫಾಸ್ಫಾರಿಕ್ ಆಮ್ಲ ಇರುವ ರಸ್ಟ್ ರಿಮೂವರ್ ಬೇಕಾಗುತ್ತದೆ. ರಬ್ಬರಿನ ಕೈಗವಸು ಮತ್ತು ಕನ್ನಡಕ ಹಾಕಿಕೊಂಡು, ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಅದನ್ನು ಒಣಗಗೊಡದೆ ಬ್ರಶ್ಶಿನಿಂದ ತಿಕ್ಕುತ್ತಿದ್ದರೆ ಚುಕ್ಕೆಗಳು ಕರಗುತ್ತವೆ. ಬಳಿಕ ನೀರಿನಿಂದ ತೊಳೆದು, ಕೂಡಲೇ ಒರೆಸಿ, ಬಿಸಿಗಾಳಿಯಲ್ಲಿ ಒಣಗಿಸಬೇಕು. ಆಮ್ಲದ ಶೇಷ ಉಳಿದರೆ ಮೇಲೆ ಹೊಡೆಯುವ ಎಪಾಕ್ಸಿ ಪ್ರೈಮರ್ ಸರಿಯಾಗಿ ಕಚ್ಚುವುದಿಲ್ಲ. ತುಕ್ಕನ್ನು ತೆಗೆಯದೆ ಅದನ್ನೇ ಕಪ್ಪು ಪದರವಾಗಿ ಮಾರ್ಪಡಿಸುವ ರಸ್ಟ್ ಕನ್ವರ್ಟರುಗಳು ಬೇರೆ ಬಗೆಯವು. ಬ್ರಶ್ ಹೋಗದ ಸಂದುಗಳಿಗೆ ಅವು ಉಪಯುಕ್ತ, ಬಯಲಲ್ಲಿರುವ ತಗಡಿಗೆ ಲೋಹ ಕಾಣುವಂತೆ ಉಜ್ಜುವುದೇ ಮೇಲು.

ಸ್ಕ್ರೂಡ್ರೈವರ್ ಒತ್ತಿದರೆ ತಗಡು ಬಾಗುವುದಾದರೆ ಅಥವಾ ತೂತಾಗುವುದಾದರೆ ಆ ಭಾಗವನ್ನು ಕತ್ತರಿಸಬೇಕು. ಎಷ್ಟು ಕತ್ತರಿಸಬೇಕೆಂಬ ಪ್ರಶ್ನೆಗೆ ಉತ್ತರ ತೂತಿನ ಅಂಚಿನಲ್ಲಿಲ್ಲ, ಗಟ್ಟಿ ತಗಡು ಎಲ್ಲಿ ಆರಂಭವಾಗುತ್ತದೆಯೋ ಅಲ್ಲಿದೆ. ತೆಳುವಾದ ತಗಡಿಗೆ ವೆಲ್ಡಿಂಗಿನ ಕಾವು ತಾಗಿದೊಡನೆ ಅದು ಕರಗಿ ತೂತು ಇನ್ನಷ್ಟು ದೊಡ್ಡದಾಗುತ್ತದೆ. ಕತ್ತರಿಸಿದ ಆಕಾರಕ್ಕೆ ಮೊದಲು ದಪ್ಪ ಕಾಗದದಲ್ಲಿ ಅಚ್ಚು ತೆಗೆದುಕೊಳ್ಳಿ, ನಾನು ಹಳೆಯ ಮದುವೆ ಕರೆಯೋಲೆಗಳನ್ನು ಇದಕ್ಕಾಗಿ ಎತ್ತಿಡುತ್ತೇನೆ. ಅದೇ ಅಚ್ಚಿನಂತೆ 20 ಅಥವಾ 22 ಗೇಜಿನ, ಎಂದರೆ ಸುಮಾರು 0.9 ಅಥವಾ 0.7 ಮಿಲಿಮೀಟರ್ ದಪ್ಪದ, ತಗಡಿನ ತೇಪೆ ಕತ್ತರಿಸಿ. ಜಿಂಕ್ ಲೇಪನದ ಜಿಐ ತಗಡನ್ನು ಹಾಗೆಯೇ ವೆಲ್ಡ್ ಮಾಡಿದರೆ ಏಳುವ ಬಿಳಿ ಹೊಗೆ ಜ್ವರ, ನಡುಕ ತರುತ್ತದೆ. ಲೇಪನವಿಲ್ಲದ ತಗಡನ್ನೇ ಕೇಳಿ ಕೊಳ್ಳಿ.

ವೆಲ್ಡಿಂಗಿಗೆ ಗ್ಯಾಸಿಗಿಂತ ಮಿಗ್, ಎಂದರೆ ವಿದ್ಯುತ್ತಿನಿಂದ ತಂತಿ ಕರಗಿಸಿ ಬೆಸೆಯುವ ವಿಧಾನ, ಮೇಲು. ನಮ್ಮ ಗ್ಯಾರೇಜುಗಳಲ್ಲಿ ಇದನ್ನೇ ಸಿಒಟು ವೆಲ್ಡಿಂಗ್ ಎನ್ನುತ್ತಾರೆ. ಗ್ಯಾಸಿನ ಜ್ವಾಲೆ ಅಗಲವಾದ ಭಾಗವನ್ನು ಕಾಯಿಸುವುದರಿಂದ ತೆಳು ತಗಡು ಹಪ್ಪಳದಂತೆ ಸೊಟ್ಟಗಾಗುತ್ತದೆ. ಮಿಗ್‌ನಲ್ಲಿಯೂ ಒಂದೇ ಉದ್ದ ಗೆರೆ ಎಳೆಯದೆ, ಎರಡು ಮೂರು ಸೆಂಟಿಮೀಟರಿಗೊಂದು ಚುಕ್ಕಿ ಇಟ್ಟು, ಒಂದು ಮೂಲೆಯಿಂದ ಎದುರಿನ ಮೂಲೆಗೆ ಹೋಗುತ್ತ, ನಡುನಡುವೆ ತಣ್ಣಗಾಗಲು ಬಿಟ್ಟು, ಚುಕ್ಕಿಗಳ ನಡುವಿನ ಜಾಗ ತುಂಬುತ್ತ ಬರಬೇಕು. ನೀವು ಹತ್ತಿರ ನಿಂತು ಇದನ್ನು ವಿನಯದಿಂದ ಕೇಳಿಕೊಳ್ಳಬಹುದು, ಒಳ್ಳೆಯ ಕಸುಬುದಾರರು ಬೇಸರಿಸುವುದಿಲ್ಲ. ಅದಕ್ಕೆ ಮೊದಲು ಬ್ಯಾಟರಿಯ ಎರಡೂ ತಂತಿಗಳನ್ನು ಬಿಚ್ಚಿ, ಕಾರ್ಪೆಟ್, ಫೆಲ್ಟ್, ಸೀಟು ಹೊರತೆಗೆಯಿರಿ. ಪೆಟ್ರೋಲ್ ಟ್ಯಾಂಕ್ ಕಾರಿನ ಹಿಂಭಾಗದ ತಳದಲ್ಲಿರುವುದರಿಂದ ಹಿಂದೆ ವೆಲ್ಡಿಂಗ್ ಇದ್ದರೆ ಟ್ಯಾಂಕನ್ನು ಇಳಿಸದೆ ಕಿಡಿ ಹಾರಿಸಲು ಯಾರಿಗೂ ಬಿಡಬೇಡಿ. ತಳಕ್ಕೆ ಅಂಟಿಸಿದ ಡಾಂಬರಿನ ಹಾಳೆ ಹೊಗೆಯಾಡುತ್ತ ನಿಧಾನವಾಗಿ ಹೊತ್ತಿಕೊಳ್ಳುವುದರಿಂದ, ಕೆಲಸ ಮುಗಿದ ಬಳಿಕವೂ ಒಂದು ಗಂಟೆ ಕಾರಿನ ಬಳಿ ನೀರಿಟ್ಟುಕೊಂಡು ಕಾದಿರಿ.

ಪ್ರೈಮರ್, ಪುಟ್ಟಿ, ಬಣ್ಣ

ಅಂಗಡಿಯಲ್ಲಿ ಪ್ರೈಮರ್ ಎಂದರೆ ಹೆಚ್ಚಾಗಿ ರೆಡ್ ಆಕ್ಸೈಡ್ ಕೊಡುತ್ತಾರೆ. ಗೇಟಿಗೂ ಕಿಟಕಿಯ ಸರಳಿಗೂ ಅದು ಸಾಕಾದೀತು. ಕಾರಿಗೆ ಹಾರ್ಡನರ್ (ಗಟ್ಟಿಯಾಗಿಸುವ ದ್ರವ್ಯ) ಬೆರೆಸುವ ಎಪಾಕ್ಸಿ ಪ್ರೈಮರನ್ನೇ ಕೇಳಿ. ನೀರನ್ನು ತಡೆಯುವ ಪದರ ಅದು. ಪೇಂಟಿಗೆ ಮೊದಲು ಹೊಡೆಯುವ ಬೂದುಬಣ್ಣದ ಸರ್ಫೇಸರ್ ಏರುಪೇರು ತುಂಬಿ ಉಜ್ಜಲು ಅನುಕೂಲವಾಗಲೆಂದು ಮಾಡಿದ್ದು, ಅದರ ಮೈ ತೇವ ಹೀರುತ್ತದೆ. ಬೋಳು ತಗಡನ್ನು ವ್ಯಾಕ್ಸ್ ರಿಮೂವರಿನಲ್ಲಿ ಅದ್ದಿದ ಶುಭ್ರ ಬಟ್ಟೆಯಿಂದ ಒರೆಸಿ, ಆರುವ ಮೊದಲೇ ಇನ್ನೊಂದು ಒಣ ಬಟ್ಟೆಯಿಂದ ಒರೆಸಿ ತೆಗೆದು, ಮೊದಲು ಎಪಾಕ್ಸಿ, ಅದರ ಮೇಲೆ ಪುಟ್ಟಿ ಎಂಬ ಕ್ರಮವನ್ನು ಇಲ್ಲಿನ ತೇವದಲ್ಲಿ ನಾನು ಎಂದೂ ಬಿಡುವುದಿಲ್ಲ. ಹೀಗಿದ್ದರೆ ಪುಟ್ಟಿಯಲ್ಲಿ ಸೀಳು ಬಿಟ್ಟು ನೀರಿಳಿದರೂ ತಗಡಿಗೆ ತಾಗುವುದಿಲ್ಲ.

ಪಾಲಿಯೆಸ್ಟರ್ ಪುಟ್ಟಿಗೆ ಹಾರ್ಡನರ್ ತೂಕದಲ್ಲಿ ನೂರಕ್ಕೆ ಎರಡು ಪಾಲು, ಎಂದರೆ 100 ಗ್ರಾಂ ಪುಟ್ಟಿಗೆ 2 ಗ್ರಾಂ. ಬೇಗ ಗಟ್ಟಿಯಾಗಲೆಂದು ಹೆಚ್ಚು ಹಾಕಿದರೆ ಕೆಲವು ತಿಂಗಳ ಮೇಲೆ ಆ ಹಾರ್ಡನರಿನ ಬಣ್ಣ ಮೇಲಿನ ಪೇಂಟಿನಲ್ಲಿ ಕಲೆಯಾಗಿ ಮೂಡುತ್ತದೆ. ಕಡಿಮೆ ಹಾಕಿದರೆ ಪುಟ್ಟಿ ಒಳಗೆ ಮೆತ್ತಗೇ ಉಳಿಯುತ್ತದೆ. ರಟ್ಟಿನ ಮೇಲೆ ಕಲಸಬೇಡಿ, ರಟ್ಟು ಅದರ ದ್ರವವನ್ನು ಹೀರುತ್ತದೆ. ಗಾಜು ಅಥವಾ ನುಣುಪಾದ ಪ್ಲಾಸ್ಟಿಕ್ ಹಲಗೆ ಬಳಸಿ. ಗಾಳಿ ಸೇರದಂತೆ ಒತ್ತಿ ಒತ್ತಿ ಮಡಚುತ್ತ, ಎಲ್ಲೂ ಗೆರೆ ಕಾಣದಂತೆ ಒಂದೇ ಬಣ್ಣ ಬರುವವರೆಗೆ ಕಲಸಿ. ನಮ್ಮ ಬಿಸಿಲಿನಲ್ಲಿ ಕಲಸಿದ ನಾಲ್ಕೈದು ನಿಮಿಷಕ್ಕೆ ಅದು ಗಟ್ಟಿಯಾಗತೊಡಗುತ್ತದೆ, ಆದ್ದರಿಂದ ಒಂದು ಸಲಕ್ಕೆ ನಿಂಬೆಹಣ್ಣಿನ ಗಾತ್ರಕ್ಕಿಂತ ಹೆಚ್ಚು ಕಲಸಬೇಡಿ. ಅಲಗಿನಿಂದ ಮೊದಲ ತೆಳುಪದರವನ್ನು ಬಲವಾಗಿ ಒತ್ತಿ ಬಳಿದರೆ ಗೀರುಗಳೊಳಗಿನ ಗಾಳಿ ಹೊರಹೋಗುತ್ತದೆ, ಬಳಿಕ ಬೇಕಾದ ದಪ್ಪಕ್ಕೆ ಎರಡನೆಯ ಪದರ. ಒಟ್ಟು ದಪ್ಪ ಮೂರು ಮಿಲಿಮೀಟರ್ ಮೀರಿತೆಂದರೆ ಸುತ್ತಿಗೆಯ ಕೆಲಸ ಇನ್ನೂ ಉಳಿದಿದೆ ಎಂದೇ ಅರ್ಥ.

ಅರ್ಧ ಗಂಟೆಯ ಬಳಿಕ, ಕೈಬೆರಳಿನಿಂದಲ್ಲ, ಮರದ ತುಂಡಿಗೆ ಸುತ್ತಿದ 80 ನಂಬರಿನ ಪೇಪರಿನಿಂದ ಓರೆಯಾಗಿ ಎರಡೂ ದಿಕ್ಕಿನಲ್ಲಿ ಉಜ್ಜಿ, ನಂತರ 180, ನಂತರ 320ಕ್ಕೆ ಬನ್ನಿ. ಬೆರಳಿನಿಂದ ಉಜ್ಜಿದರೆ ಬೆರಳಿನ ಜಾಡೇ ತಗ್ಗಾಗುತ್ತದೆ. ಇದೆಲ್ಲವೂ ಒಣ ಉಜ್ಜುವಿಕೆಯೇ ಆಗಿರಬೇಕು. ಪುಟ್ಟಿಯನ್ನು ವಾಟರ್ ಪೇಪರಿನಿಂದ ನೀರು ಹಾಕಿ ಉಜ್ಜುವ ಅಭ್ಯಾಸ ನಮ್ಮ ಗ್ಯಾರೇಜುಗಳಲ್ಲಿ ವ್ಯಾಪಕವಾಗಿದೆ. ಧೂಳು ಏಳದಿರುವುದು ಅದರ ಅನುಕೂಲ, ಪುಟ್ಟಿ ನೀರು ಹೀರಿ ಅದನ್ನು ಬಣ್ಣದಡಿ ಬಂಧಿಸಿಡುವುದು ಅದರ ಕೇಡು, ಮುಂದಿನ ವರ್ಷದ ಗುಳ್ಳೆಗೆ ಅದೇ ಬೀಜ. ಧೂಳಿಗೆ ಮುಖಗವಸು ಕಟ್ಟಿಕೊಳ್ಳಿ, ನೀರು ಬೇಡ. ಸಪಾಟಾಯಿತೆನಿಸಿದ ಮೇಲೆ ದೂರದಿಂದ ಕಪ್ಪು ಸ್ಪ್ರೇಯನ್ನು ಮಂಜಿನಂತೆ ಬೀಳಿಸಿ ಮತ್ತೆ ಹಗುರವಾಗಿ ಉಜ್ಜಿದರೆ, ಕಪ್ಪು ಉಳಿದಲ್ಲಿ ತಗ್ಗು, ಲೋಹ ಮಿನುಗಿದಲ್ಲಿ ಉಬ್ಬು. ಲೋಹ ಕಂಡಲ್ಲಿಗೆ ಮತ್ತೊಮ್ಮೆ ಎಪಾಕ್ಸಿ ತಗುಲಿಸಿ. ಸೂಜಿತೂತುಗಳಿಗೆ ಮಾತ್ರ ಎನ್‌ಸಿ (ನೈಟ್ರೊಸೆಲ್ಯುಲೋಸ್) ಪುಟ್ಟಿಯ ತೆಳುವಾದ ಒಂದು ಕೈ ಸಾಕು, ಅದು ಒಣಗಿದಂತೆ ಕುಗ್ಗುವುದರಿಂದ ತಗ್ಗು ತುಂಬಲು ತಕ್ಕುದಲ್ಲ. ಬಳಿಕ ಸರ್ಫೇಸರ್ ಹೊಡೆದು, ಅದು ಪೂರ್ತಿ ಒಣಗಿದ ಮೇಲೆ 600 ನಂಬರಿನ ವಾಟರ್ ಪೇಪರಿನಿಂದ ನುಣುಪು ಮಾಡಬಹುದು. ಎಲ್ಲಿಯೂ ಪುಟ್ಟಿ ತೆರೆದುಕೊಳ್ಳದ ಹಾಗೆ ನೋಡಿಕೊಂಡು ಉಜ್ಜಿ, ಒರೆಸಿ, ಬಿಸಿಲಿಗೆ ನಿಲ್ಲಿಸಿ.

ಕೊನೆಯ ಬಣ್ಣವನ್ನು ನಾನು ಪೇಂಟರಿಗೇ ಬಿಡುತ್ತೇನೆ. ಪಿಯು (ಪಾಲಿಯುರೆಥೇನ್) ಪೇಂಟಿನ ಹಾರ್ಡನರಿನಲ್ಲಿರುವ ಐಸೊಸೈನೇಟ್ ಶ್ವಾಸಕೋಶಕ್ಕೆ ಕೆಟ್ಟದ್ದು; ಒಮ್ಮೆ ಮೈಗೆ ಒಗ್ಗದಂತಾದರೆ ಮುಂದೆ ಸ್ವಲ್ಪ ತಾಗಿದರೂ ಉಬ್ಬಸ ಬರಬಹುದು, ಬಟ್ಟೆಯ ಮುಖಗವಸು ಅದನ್ನು ತಡೆಯುವುದಿಲ್ಲ. ಮನೆಯ ಅಂಗಳದಲ್ಲಿ, ಮಕ್ಕಳು ಓಡಾಡುವಲ್ಲಿ ಅದನ್ನು ಹೊಡೆಯುವುದು ಸಲ್ಲದು. ಬಣ್ಣ ಹೊಂದಿಸಲು ಪೆಟ್ರೋಲ್ ಮುಚ್ಚಳದ ತಗಡನ್ನು ಬಿಚ್ಚಿ, ರಬ್ಬಿಂಗ್ ಕಾಂಪೌಂಡ್ ಎಂಬ ಹೊಳಪಿನ ಪೇಸ್ಟಿನಿಂದ ಉಜ್ಜಿ ಹೊಳಪು ತಂದು ಒಯ್ಯಿರಿ, ಏಕೆಂದರೆ ಮೂವತ್ತು ವರ್ಷದ ಬಿಳಿ ಈಗ ಕಾರ್ಖಾನೆಯ ಬಿಳಿಯಾಗಿ ಉಳಿದಿರುವುದಿಲ್ಲ. ಇಡೀ ಕಾರಿನ ಬಣ್ಣವನ್ನೇ ಬದಲಿಸುವ ಮನಸ್ಸಿದ್ದರೆ ಮೊದಲು ಆರ್‌ಟಿಒ ಅನುಮತಿ ಪಡೆದು ಆರ್‌ಸಿಯಲ್ಲಿ ಬರೆಸಬೇಕು. ಹದಿನೈದು ವರ್ಷ ದಾಟಿದ ಕಾರನ್ನು ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಣಕ್ಕೆ ಒಯ್ಯುವಾಗ ಈ ವ್ಯತ್ಯಾಸ ತೊಡಕಾಗುತ್ತದೆ.

ಪೇಂಟರಿನಿಂದ ಕಾರು ಹೊಳೆಯುತ್ತ ಬಂದಾಗ ಕೆಲಸ ಮುಗಿಯಿತೆಂದು ಬಿಟ್ಟುಬಿಡುವವರೇ ಹೆಚ್ಚು, ಆದರೆ ತುಕ್ಕು ಹೊರಟದ್ದು ಒಳಗಿನಿಂದ, ಒಳಗು ಇನ್ನೂ ಬೋಳಾಗಿಯೇ ಇದೆ. ವೆಲ್ಡಿಂಗಿನ ಹಿಂಬದಿಯಲ್ಲಿ ಬಣ್ಣ ಸುಟ್ಟುಹೋಗಿರುತ್ತದೆ. ಹೊರಗಿನ ಜೋಡಣೆಗಳಿಗೆ ಸೀಮ್ ಸೀಲರ್ (ಸಂದು ಮುಚ್ಚುವ ಅಂಟು) ಎಳೆದು, ರನ್ನಿಂಗ್ ಬೋರ್ಡಿನ ಮತ್ತು ಬಾಗಿಲುಗಳ ಟೊಳ್ಳಿನೊಳಕ್ಕೆ ಉದ್ದ ಕೊಳವೆಯ ಸ್ಪ್ರೇಯಿಂದ ಕ್ಯಾವಿಟಿ ವ್ಯಾಕ್ಸ್, ಎಂದರೆ ಟೊಳ್ಳಿನೊಳಗೆ ಬಿಡುವ ತುಕ್ಕುತಡೆಯ ಮೇಣ, ಬಿಡಿ. ತೆಳುವಾದ ಅದು ಸಂದುಗೊಂದುಗಳಿಗೆ ಹರಿದು ಅಂಟುಮೈಯಾಗಿ ಉಳಿಯುತ್ತದೆ. ತಳಕ್ಕೆ ಹೊಡೆಸುವ ಕಪ್ಪು ಆಂಟಿ ರಸ್ಟ್ ಕೋಟಿಂಗನ್ನು ತುಕ್ಕು ತೆಗೆದ ತಗಡಿಗೆ ಮಾತ್ರ ಹೊಡೆಸಿ, ತುಕ್ಕಿನ ಮೇಲೆ ಹೊಡೆದರೆ ಅದರಡಿ ತೇವ ಸಿಕ್ಕಿಕೊಂಡು ಕೊಳೆಯುವುದು ಕಾಣದೇ ಹೋಗುತ್ತದೆ.

ಬಾಗಿಲಿನ ಮತ್ತು ರನ್ನಿಂಗ್ ಬೋರ್ಡಿನ ಕೆಳ ಅಂಚಿನಲ್ಲಿ ನೀರು ಹೊರಹೋಗಲು ಕಾರ್ಖಾನೆಯಲ್ಲೇ ಬಿಟ್ಟ ಸಣ್ಣ ತೂತುಗಳಿವೆ. ಕೋಟಿಂಗ್ ಹೊಡೆಯುವವರು ಇವನ್ನು ಮುಚ್ಚಿಬಿಡುತ್ತಾರೆ, ಮುಚ್ಚದಿದ್ದರೂ ಧೂಳು ಮತ್ತು ಎಲೆಯ ಚೂರು ಸೇರಿ ಕಟ್ಟಿಕೊಳ್ಳುತ್ತವೆ. ಮೇ ತಿಂಗಳ ಕೊನೆಯ ವಾರ ಒಂದು ತಾಮ್ರದ ತಂತಿಯಿಂದ ಪ್ರತಿಯೊಂದನ್ನೂ ಬಿಡಿಸಿ, ಬಾಗಿಲಿನ ಗಾಜಿನ ಮೇಲಿನಿಂದ ಒಂದು ಚೊಂಬು ನೀರು ಸುರಿದು, ಅದು ಕೆಳಗಿನ ತೂತಿನಿಂದ ಧಾರೆಯಾಗಿ ಹೊರಬರುವುದನ್ನು ನೋಡಿ. ತೊಟ್ಟಿಕ್ಕಿದರೆ ತಂತಿಯನ್ನು ಮತ್ತೊಮ್ಮೆ ಹಾಕಿ.